ಜಗಲಿಯ ಚಾಪೆ

ಪ್ರಾಸ್ಟೇಟ್ ಗ್ರಂಥಿಯ ಉರಿಯೂತವೆಂದುಕೊಂಡಿದ್ದ ಹಳೆಯ ನೋವು ಪಾಯಣ್ಣನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಮಡದಿಯ ಸಾಮೀಪ್ಯವೂ ದುಸ್ಸಹ ಯಾತನೆಯಾದಾಗ ನಿಜ ಹೇಳಲು ನಾಚಿ, "ಪಾರ್ಶ್ವನಾಥಸ್ವಾಮಿ ಮುಂದೆ ಬ್ರಹ್ಮಚರ್ಯ ವ್ರತ ತಗೊಂಡಿದ್ದೀನಿ, ಕುಸುಮಾ" ಎಂದು ಸುಳ್ಳಾಡಿ, ಚಾಪೆಯನ್ನು ಜಗಲಿಗೆ ಒಯ್ದಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು.

ಒಬ್ಬ ವೈದ್ಯರು ಶಸ್ತ್ರಚಿಕಿತ್ಸೆಯೇ ಗತಿ ಎಂದರು. ಇನ್ನೊಬ್ಬರು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಕೊನೆಗೆ ಸಿಕ್ಕ ವೃದ್ಧ ತಜ್ಞರು ಸಾವಧಾನವಾಗಿ ಪರೀಕ್ಷಿಸಿ ಹೇಳಿದರು: "ಸೋಂಕೇನೂ ಇಲ್ಲ. ಸೊಂಟದ ತಳದ ಸ್ನಾಯುಗಳು ಬಿಗ್ಕೊಂಡಿವೆ. ಆಪರೇಷನ್ ಬೇಡ, ವ್ಯಾಯಾಮ ಹೇಳಿಕೊಡಿಸ್ತೀನಿ. ಮನೆಯವರಿಗೆ ಗೊತ್ತಾ?"

"ಇಂಥದ್ದನ್ನ ಹೆಂಗೆ ಹೇಳೋದು, ಡಾಕ್ಟ್ರೇ?"

"ಎಲ್ಲಾನೂ ಹೀಗೆ ಬಿಗಿಹಿಡಿದ್ರೆ ಪಾಪ, ಸ್ನಾಯು ಏನ್ ಮಾಡುತ್ತೆ!" ಎಂದು ಅವರು ನಕ್ಕರು.

ಪಾಯಣ್ಣ ಅವರನ್ನೇ ನಂಬಿದ. ನೋವು ದಿನೇದಿನೇ ಇಳಿದು, ಒಂದು ಬೆಳಿಗ್ಗೆ ಇಲ್ಲವೇ ಇಲ್ಲವೆನಿಸಿತು. ಅಂದು ಸಂಜೆ ಚಾಪೆ ಸುತ್ತಿ ಕಂಕುಳಲ್ಲಿಟ್ಟು, ಮದುಮಗನಂತೆ ಅಳುಕುತ್ತ ಒಳಗೆ ಬಂದ. ಬಸದಿಯಿಂದ ಆಗಷ್ಟೇ ಮರಳಿದ್ದ ಕುಸುಮಾ ಬಿಳಿ ಸೀರೆಯಲ್ಲಿದ್ದಳು.

"ನಿಂಗೊಂದು ಮಾತು ಹೇಳ್ಬೇಕು ಕಣೇ."

"ಮೊದ್ಲು ನಂದು ಕೇಳ್ರೀ. ನಿಮ್ಮ ವ್ರತ ಮುರೀಲಿ ಅಂತ ಇಷ್ಟು ಕಾಲ ದಿನಾ ಬೇಡ್ಕೊಂಡೆ, ಪಾಪಿ ನಾನು." ಅವಳು ಬಾಗಿ ಅವನ ಪಾದ ಮುಟ್ಟಿದಳು. "ಇನ್ನು ಬೇಡಲ್ಲ. ಇವತ್ತು ಮುನಿಗಳ ಮುಂದೆ ನಾನೂ ಆಜೀವ ಬ್ರಹ್ಮಚರ್ಯ ತಗೊಂಡೆ."