ಬಂಗುಡೆಯ ಕಣ್ಣು

“ಈ ಮೀನ್ ಹಳತ್, ಹೆಣೆ,” ಎಂದು ಹುಡುಗಿಗೆ ಹೇಳಿದಳು ಪದ್ದಕ್ಕ, ಕಂಪ್ಯೂಟರ್ ಪರದೆಯ ಮೂಲೆಯ ಚಿತ್ರದತ್ತ ಬೆರಳು ಮಾಡಿ. “ಕಣ್ಣ್ ಕಾಣ್. ಮಂಜಾಯ್ತ್.”

ತೆಕ್ಕಟ್ಟೆಯ ಮೀನು ಮಾರುವ ಹೆಂಗಸರ ಸಂಘದ ಆಫೀಸಿನಲ್ಲಿ ಬೆಳಿಗ್ಗೆ ಆರೂವರೆಗೆ ಈ ಮಾತು ಬಿದ್ದದ್ದೇ, ಕಂಪ್ಯೂಟರಿನ ಮುಂದೆ ಕೂತಿದ್ದ ಶ್ರೀಲತಾ ತಟ್ಟನೆ ತಲೆಯೆತ್ತಿದಳು. ಸಂಘದಲ್ಲಿ ಟೈಪಿಂಗ್ ಕೆಲಸಕ್ಕಿದ್ದ ಅವಳು ಎರಡು ತಿಂಗಳು ತಲೆ ಕೆಡಿಸಿಕೊಂಡು ಒಂದು ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ, ಮಾಡಿದ್ದಳು. ಗಂಗೊಳ್ಳಿ ಬಂದರಿನಲ್ಲಿ ಸುಜಿತ್, ಕೋಡಿ ಕನ್ಯಾಣದಲ್ಲಿ ಅನೂಪ್; ಬೋಟು ಬಂದ ಕೂಡಲೇ ಈ ಇಬ್ಬರು ಹುಡುಗರು ಮೀನಿನ ಸುದ್ದಿಯನ್ನು ಮೊಬೈಲಿನಲ್ಲಿ ಒತ್ತಿದರೆ, ಬ್ರೌಸರಿನ ಮೇಲಿನ ಮೂಲೆಯಲ್ಲಿರುವ ಬಂಗುಡೆ ಮೀನಿನ ಐಕಾನಿನ ಮೇಲೆ ಕೆಂಪು ಅಂಕೆ ಬೀಳುತ್ತದೆ. ಅದನ್ನು ಕ್ಲಿಕ್ ಮಾಡಿದರೆ ಯಾವ ಬಂದರಿಗೆ ಯಾವ ಮೀನು ಬಂತು ಎಂದು ಕಾಣುತ್ತದೆ. ಏನೂ ಗೊತ್ತಿಲ್ಲದೆ ಗಂಗೊಳ್ಳಿ ಬಸ್ಸು ಹತ್ತಿ, ಖಾಲಿ ಬುಟ್ಟಿ ಹಿಡಿದು ಮರಳುವುದು ಇನ್ನು ತಪ್ಪುತ್ತದೆ. ಅವಳ ಅಮ್ಮ ಜಲಜಳೇ ಕಳೆದ ವಾರ ಮೂರು ದಿನ ಹಾಗೆ ಬಂದಿದ್ದಳು.

ಇವತ್ತು ಅದನ್ನು ಪದ್ದಕ್ಕ, ಜಲಜ ಮತ್ತು ಇನ್ನೂ ನಾಲ್ವರು ಹೆಂಗಸರಿಗೆ ತೋರಿಸುವ ದಿನ. ಹಿಂದೆ ನಿಂತವರಿಗೆ ಅಕ್ಷರ ಕಾಣುವುದಿಲ್ಲ ಎಂದು ಯಾರೋ ಗೊಣಗಿದ್ದರು. ಶ್ರೀಲತಾ ಆಗಷ್ಟೇ ಪರದೆಯ ಅಳತೆಯನ್ನು ಎರಡರಷ್ಟು ಮಾಡಿದ್ದಳು. ಅಕ್ಷರಗಳೇನೋ ದೊಡ್ಡದಾಗಿ, ಸ್ಪಷ್ಟವಾಗಿ ಕಂಡಿದ್ದವು. ಬಂಗುಡೆ ಮಾತ್ರ ಮಸುಕಾಗಿ, ಕಣ್ಣಿದ್ದ ಜಾಗದಲ್ಲಿ ಒಂದು ಬೂದು ಕಲೆ ಉಳಿದಿತ್ತು.

ಅದು ಬರೀ ಚಿತ್ರ, ಸುದ್ದಿ ಮುಖ್ಯ ಎಂದು ಅವಳು ಬಿಡಿಸಿ ಹೇಳಿದಳು. ಪದ್ದಕ್ಕನ ಹತ್ತಿರ ಅದು ನಡೆಯಲಿಲ್ಲ. ಮೂವತ್ತು ವರ್ಷದಲ್ಲಿ ಕಣ್ಣು ಮಂಜಾದ ಮೀನನ್ನು ಕೈಯಿಂದ ಮುಟ್ಟದ ಹೆಂಗಸು ಅವಳು. ಮುಂದೆಯೇ ಕೊಳೆತ ಮೀನು ಇಟ್ಟುಕೊಂಡವರು ಹೇಳುವ ಸುದ್ದಿಯಾದರೂ ತಾಜಾ ಇರುತ್ತದೆಂದು ಹೇಗೆ ನಂಬುವುದು ಎಂಬುದು ಅವಳ ತಕರಾರು. ಉಳಿದ ನಾಲ್ವರೂ ಹೌದೆಂದು ತಲೆಯಾಡಿಸಿದರು. ಜಲಜ ಮಗಳ ಪರ ವಹಿಸಲೂ ಇಲ್ಲ, ವಿರೋಧಿಸಲೂ ಇಲ್ಲ; ಗೋಡೆಗೆ ಒರಗಿ ಪರದೆಯ ಮೀನನ್ನೇ ನೋಡುತ್ತಿದ್ದಳು.

ಗಂಗೊಳ್ಳಿ ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ. ಪದ್ದಕ್ಕ ಅದರಲ್ಲಿ ಕೂತಳೆಂದರೆ ಎಲ್ಲರೂ ಕೂತಂತೆ, ಮತ್ತೆ ಈ ಪರದೆಯತ್ತ ಯಾರೂ ತಿರುಗಿ ನೋಡುವುದಿಲ್ಲ. ಎರಡು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಶ್ರೀಲತಾ ಹತ್ತು ನಿಮಿಷ ಕೊಡಿ ಎಂದು ಬೇಡಿಕೊಂಡಳು. ಬಸ್ಸು ಬರುವ ತನಕ ಕೊಟ್ಟೆ ಎಂದಳು ಪದ್ದಕ್ಕ, ದೊಡ್ಡ ಉಪಕಾರ ಮಾಡಿದವಳಂತೆ.

ತಪ್ಪು ಎಲ್ಲಿದೆ ಎಂದು ಅವಳಿಗೆ ಬೇಗ ಹೊಳೆಯಿತು. ಹದಿನಾರು ಚುಕ್ಕಿ, ಅಂದರೆ ಹದಿನಾರು ಪಿಕ್ಸೆಲ್ ಅಗಲದ ಒಂದೇ ಒಂದು ಚಿತ್ರ ಕೊಟ್ಟಿದ್ದಳು. ಅಳತೆ ಹೆಚ್ಚಿಸಿದಾಗ ಬ್ರೌಸರ್ ಅದನ್ನೇ ಎಳೆದು ಹಿಗ್ಗಿಸಿತ್ತು. ಮೂವತ್ತೆರಡು ಚುಕ್ಕಿಯದು ಬೇಕು. ಚಿತ್ರ ಬರೆಯುವ ಕಿಟಕಿ ತೆರೆದು, ರಂಗೋಲಿ ಇಟ್ಟಂತೆ ಒಂದೊಂದೇ ಚುಕ್ಕಿ ತುಂಬಿಸತೊಡಗಿದಳು. ಬೆನ್ನು ಬಂತು, ಬಾಲ ಬಂತು, ಹೊಟ್ಟೆ ಬಂತು. ಹೊಸ ಚಿತ್ರ ಸೇರಿಸಿ ಎಕ್ಸ್‌ಟೆನ್ಷನನ್ನು ಮತ್ತೆ ಲೋಡ್ ಮಾಡಿದಳು. ಮೂಲೆಯ ಬಂಗುಡೆಯ ಒಂದೊಂದು ಗೆರೆಯೂ ಎದ್ದು ಕಂಡಿತು.

ಪದ್ದಕ್ಕ ಬಗ್ಗಿ ನೋಡಿದಳು. ಮೊದಲು ಅನುಮಾನವಿತ್ತು, ಈಗ ಖಾತ್ರಿಯಾಯಿತು ಎಂದಳು. ಇದು ನಿನ್ನೆಯ ಮೀನೇ.

ಶ್ರೀಲತಾಳಿಗೆ ಅಳು ಬರುವುದೊಂದು ಬಾಕಿ. ಆಗ ಜಲಜ ಗೋಡೆ ಬಿಟ್ಟು ಮುಂದೆ ಬಂದಳು.

“ಇದನ್ನ್ ಯಾವ್ ಮೀನ್ ಕಂಡ್ ಬಿಡ್ಸಿದ್ದೆ?”

“ನಮ್ಮನಿ ಫ್ರಿಜ್ಜಲ್ಲಿದ್ದದ್ದ್, ಅಮ್ಮ.”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಜಲಜ ನಗಲಿಲ್ಲ. ಮಗಳ ಹೆಗಲ ಮೇಲೆ ಕೈಯಿಟ್ಟು ಪರದೆಯನ್ನೇ ದಿಟ್ಟಿಸಿದಳು.

“ಕಣ್ಣ್ ಒಳ್ಗ್ ಹೋಯ್ತಲೆ. ಕರಿ ದೊಡ್ಡದ್ ಮಾಡ್. ಸುತ್ತ ಬೆಳಿ ಹಾಕ್. ಹಾಂ, ಈಗ ಕರಿ ಮೇಲೆ ಒಂದೇ ಒಂದ್ ಚುಕ್ಕಿ ಬೆಳ್ಕ್ ಇಡ್. ನಡು ಅಲ್ಲ, ಚೂರ್ ಮೇಲೆ.”

ಬೆನ್ನಿಗೆ ಇನ್ನಷ್ಟು ಹಸಿರು ಬೇಕೆಂದಳು, ಹೊಟ್ಟೆಗೆ ಬೆಳ್ಳಿಯ ಮಿಂಚು ಬೇಕೆಂದಳು. ತಾಯಿ ಹೇಳಿದಂತೆಲ್ಲ ಮಗಳು ಇಡುತ್ತಾ ಹೋದಳು. ಉಳಿದ ನಾಲ್ವರು ಹೆಂಗಸರೂ ಕುರ್ಚಿಯ ಸುತ್ತ ಮುತ್ತಿಕೊಂಡು, ಬಾಲ ಹೀಗಿರಲಿ, ಬಾಯಿ ಹಾಗಿರಲಿ ಎಂದು ತಲೆಗೊಂದು ಮಾತು ಸೇರಿಸಿದರು. ಹೊರಗೆ ದೂರದಿಂದ ಬಸ್ಸಿನ ಹಾರ್ನ್ ಕೇಳಿತು. ಶ್ರೀಲತಾ ಕೊನೆಯ ಚುಕ್ಕಿ ಇಟ್ಟು ಮತ್ತೆ ಲೋಡ್ ಮಾಡಿದಳು.

ಬಂಗುಡೆ ಕಣ್ಣು ಬಿಟ್ಟು ನೋಡುತ್ತಿತ್ತು. ಈಗಷ್ಟೇ ಬಲೆಯಿಂದ ತೆಗೆದದ್ದೆಂದು ಯಾರಾದರೂ ಹೇಳಬಹುದಿತ್ತು. ಶ್ರೀಲತಾಳಿಗೆ ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ಮೀನಿನ ಮೇಲೆ ಒಂದು ಎಂಬ ಕೆಂಪು ಅಂಕೆ ಬಿತ್ತು.

ಪದ್ದಕ್ಕ ಚಂದವಾಗಿದೆ ಎನ್ನಲಿಲ್ಲ. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಬಂದರಿನಲ್ಲಿ ಕೇಳುವ ದನಿಯಲ್ಲೇ ಕೇಳಿದಳು: “ಎಲ್ಲಿಗ್ ಬಂದದ್ ಇದ್?”

ಶ್ರೀಲತಾ ಕ್ಲಿಕ್ ಮಾಡಿದಳು. ಕೋಡಿ ಕನ್ಯಾಣ, ಎರಡು ಬೋಟು, ಬಂಗುಡೆ. ಗಂಗೊಳ್ಳಿಯಿಂದ ಏನೂ ಇಲ್ಲ.

ಬಸ್ಸು ಆಫೀಸಿನ ಎದುರೇ ಬಂದು ನಿಂತಿತು. ಎಲ್ಲರೂ ಪದ್ದಕ್ಕನ ಮುಖ ನೋಡಿದರು. ಪದ್ದಕ್ಕ ಬುಟ್ಟಿ ಎತ್ತಿಕೊಂಡು ಬಸ್ಸಿನ ಹಿಂಬದಿಯಿಂದ ಹೈವೇ ದಾಟಿ, ಕೋಡಿ ಕನ್ಯಾಣದ ದಾರಿಯಾದ ಸಾಲಿಗ್ರಾಮದ ಕಡೆ ಹೋಗುವ ಬಸ್ಸು ನಿಲ್ಲುವಲ್ಲಿ ಹೋಗಿ ನಿಂತಳು. ಜಲಜಳೂ ಸೇರಿ ಉಳಿದವರು ಅವಳ ಹಿಂದೆಯೇ ಹೋದರು. ಗಂಗೊಳ್ಳಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಜೋತು, ಬಾಯಿ ತೆರೆದುಕೊಂಡೇ ಮುಂದೆ ಹೋದ.

ಶ್ರೀಲತಾ ಬಾಗಿಲಿಗೆ ಓಡಿ ಬಂದಳು. ಖುಷಿಯಲ್ಲಿ ಕೈ ಬೀಸಿದಳು. ರಸ್ತೆಯಾಚೆಯಿಂದ ಪದ್ದಕ್ಕನ ದನಿ ಲಾರಿಗಳ ಸದ್ದನ್ನೂ ಮೀರಿ ಬಂತು:

“ಹ್ವಾಯ್ ಹೆಣೆ, ಇವತ್ತಿಂದ ನೀನೂ ಮೀನ್ ಮಾರುವಳೇ. ಗಿರಾಕಿ ಬೈದ್ರೆ ನಮ್ಮೊಟ್ಟಿಗ್ ನೀನೂ ಬೈಸ್ಕಣ್ಕ್.”