ಮೈದಾನಕ್ಕೊಂದು ಹೆಸರು

ಕೆಸರಾದ ಜೆರ್ಸಿಗಳನ್ನು ಹಿಂಡುತ್ತಿದ್ದ ಫುಟ್‌ಬಾಲ್ ಮೇಷ್ಟ್ರ ಹೆಂಡತಿ, ಬಾಗಿಲಲ್ಲಿ ನಿಂತ ಶಾಲೆಯ ಕಾರ್ಯದರ್ಶಿಗೆ ಕುರ್ಚಿ ತೋರಿಸಲಿಲ್ಲ. ಗಂಡ ತೀರಿಹೋದ ಮೇಲೆ ಅವರ ಶಿಷ್ಯೆಯೊಬ್ಬಳು ಖಾಲಿ ಸೈಟಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದಳು; ಒಗೆಯುವ ಬಟ್ಟೆ ಮಾತ್ರ ಈಗಲೂ ಈ ಮನೆಗೇ ಬರುತ್ತಿತ್ತು.

"ಮೈದಾನಕ್ಕೆ ಮೇಷ್ಟ್ರ ಹೆಸರಿಡೋಕೆ ನಿಮ್ಮ ಒಪ್ಪಿಗೆ ಪತ್ರ ಕೇಳಿ ಆರು ತಿಂಗಳಾಯ್ತಮ್ಮ. ಬೋರ್ಡೂ ಬರೆಸಿಟ್ಟಿದ್ದೀವಿ."

"ಅದೇ ಮೈದಾನದಿಂದ ಅವರನ್ನ ಕತ್ತು ಹಿಡಿದು ದಬ್ಬಿದ್ದೂ ನೀವೇ ಅಲ್ವಾ?"

"ಮತ್ತಿನ್ನೇನು ಮಾಡೋದು? ಪಾಠ ಒಪ್ಪಿಸಿಲ್ಲ ಅಂತ ಫೈನಲ್ ದಿನ ಒಳ್ಳೇ ಆಟಗಾರನ್ನ ಗೋಲ್ ಹಿಂದೆ ಕೂರಿಸಿ ಪುಸ್ತಕ ಓದಿಸಿದ್ರು. ಊರೆಲ್ಲ ನಕ್ಕಿತು!"

"ನಗಲಿ. ಓದದವರಿಗೆ ಅವರು ಚೆಂಡು ಕೊಡ್ತಿರಲಿಲ್ಲ."

ಆದರೂ ಆ ಹೆಸರನ್ನು ಮಕ್ಕಳು ದಿನಾ ನೋಡಲಿ ಎಂಬ ಆಸೆ ಆಕೆಗಿತ್ತು. ಅದಕ್ಕೇ ಹೂಂ ಎನ್ನಲೂ ಆಗದೆ, ಊಹೂಂ ಎನ್ನಲೂ ಆಗದೆ ಪತ್ರ ಬರೆಯುವುದು ತಡವಾಗಿತ್ತು. ಆಕೆ ಮತ್ತೆ ಜೆರ್ಸಿ ಹಿಂಡತೊಡಗಿದ್ದನ್ನೇ ಒಪ್ಪಿಗೆ ಎಂದುಕೊಂಡ ಆತನಿಗೆ ಹುರುಪು ಬಂತು.

"ಈಗ ಕಾಲ ಬದಲಾಯ್ತು ಬಿಡಿ. ನಮ್ಮ ಟೀಮಿನವರು ಕ್ಲಾಸಿಗೇ ಬರೋದು ಬೇಡ, ಹಾಜರಿ ನಾವೇ ಹಾಕ್ತೀವಿ. ಕಪ್ ತಂದ್ರೆ ಸಾಕು!"

ಆಕೆ ಕೈ ಒರೆಸಿಕೊಂಡು ಒಳಗೆ ಹೋಗಿ, ನಿಂತೇ ಬರೆದಳು: 'ಓದು ಬೇಡವಾದ ಮೈದಾನಕ್ಕೆ ನನ್ನ ಗಂಡನ ಹೆಸರೂ ಬೇಡ.'

"ಕೊಡಿ, ಆಡಳಿತ ಮಂಡಳಿಗೆ ನಾನೇ ತಲುಪಿಸ್ತೀನಿ," ಎಂದು ಆತ ಕೈಚಾಚಿದ.

"ನಿಮ್ಮ ಕೈಗೆ ಕೊಟ್ರೆ ದಾರೀಲೇ ಒಪ್ಪಿಗೆ ಆಗಿಬಿಡುತ್ತೆ," ಎಂದವಳೇ ಆಕೆ ಚಪ್ಪಲಿ ಮೆಟ್ಟಿ ಅಂಚೆ ಕಚೇರಿಗೆ ನಡೆದು, ಪತ್ರವನ್ನು ರಿಜಿಸ್ಟರ್ ಮಾಡಿಸಿದಳು.