ಮೊಲಗಳ ಸಮೇತ ಮನೆ

ಕಾಡುಮೊಲಗಳೆಲ್ಲ ಅಳಿದುಹೋದ ಮೇಲೆ, ಮಾರಾಟಕ್ಕಿಟ್ಟ ಹಳ್ಳಿಮನೆಯ ಹಿತ್ತಲಿಗೆ ಕೊಳ್ಳುವವರ ಕಣ್ಣು ಸೆಳೆಯಲೆಂದು ಕಾರ್ಖಾನೆಯಲ್ಲಿ ತಯಾರಾದ ಮೊಲ ತಂದು ಬಿಡುವುದು ಗೋಡೆಗೆ ಸುಣ್ಣ ಬಳಿಸಿದಷ್ಟೇ ಮಾಮೂಲಾಗಿತ್ತು. ಇಂದುಮತಿಗೂ ಅದು ಗೊತ್ತಿತ್ತು. ಆದರೂ ಕಲಘಟಗಿ ಹತ್ತಿರದ ಆ ಮನೆ ನೋಡಲು ಗಂಡ ಈರಣ್ಣನ ಜೊತೆ ಹೊರಟಾಗ ಮೊಲಕ್ಕೆ ತಿನ್ನಿಸಲೆಂದು ಚೀಲದಲ್ಲಿ ಗಜ್ಜರಿ ಇಟ್ಟುಕೊಂಡಳು. ಮೊಲವನ್ನು ಅವಳು ಹತ್ತಿರದಿಂದ ಕಂಡವಳೇ ಅಲ್ಲ.

ಹಿತ್ತಲಲ್ಲಿ ಒಂದು ಮೊಲ ಕುಪ್ಪಳಿಸುತ್ತ ಬಂದು ಅವಳು ಹಿಡಿದ ಗಜ್ಜರಿಗೆ ಮೂಗು ಒತ್ತಿತು. ಒತ್ತುತ್ತಲೇ ಇತ್ತು, ತಿನ್ನಲಿಲ್ಲ. ಇಂದುಮತಿ ಅದರ ಗದ್ದ ಎತ್ತಿ ನೋಡಿದಳು. ಮೂಗಿನ ಕೆಳಗೆ ಬಾಯಿಯೇ ಇರಲಿಲ್ಲ. ಬರೀ ನುಣುಪಾದ ತೊಗಲು. ಆ ತೊಗಲಿನ ಒಳಗೆ ದವಡೆ ಮಾತ್ರ ಒಂದೇ ಸಮನೆ ಅಗಿಯುತ್ತಿತ್ತು.

“ಬಾಯಿ ಇದ್ರ ಗಿಡಾ ಎಲ್ಲಾ ತಿಂದ ಹಾಕ್ತಾವ್ರಿ ಅಕ್ಕಾರ,” ಎಂದ ದಲ್ಲಾಳಿ ಸಿದ್ಧಲಿಂಗ. “ಒಂದ ವಾರ ಇರ್ತಾವು. ಸತ್ತ ಮ್ಯಾಲ ನಾವ ಹೊಸಾವು ತಂದ ಬಿಡ್ತೀವಿ.”

ಇಂದುಮತಿ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಈರಣ್ಣ ಬಾಗಿ ಮೊಲದ ಬೆನ್ನು ಸವರುತ್ತಿದ್ದ.

“ಭಾಳ ಚೊಲೋ ಆತು ನೋಡ್ರಿ,” ಎಂದ ಅವನು ದಲ್ಲಾಳಿಗೆ. “ಹಿಂಗ ಬೊಗಳಲಾರದ ನಾಯೀನೂ ಸಿಗ್ತಾವೇನ್ರಿ?”

“ಸಿಗ್ತಾವ್ರಿ.”

ಈರಣ್ಣ ನಕ್ಕು, ಮೊಲ ಸವರಿದ ಅದೇ ಕೈಯನ್ನು ಹೆಂಡತಿಯ ಬೆನ್ನ ಮೇಲೆ ಇಟ್ಟ. “ಏನಂತಿ? ಮನಿ ತಗೊಳ್ಳೂಣಲ್ಲ?”

ಇಂದುಮತಿ ಮೈ ಕೊಡವಿ, ಆ ಕೈಯಿಂದ ದೂರ ಸರಿದು ನಿಂತಳು.

“ತಗೋರಿ. ನಾ ಮಾತ್ರ ನಿಮ್ಮ ಕೂಡ ಇರೂದಿಲ್ಲ,” ಎಂದವಳೇ ಬಾಯಿ ಒರೆಸಿಕೊಂಡು ಬಸ್ಸಿನ ದಾರಿ ಹಿಡಿದಳು.